ವನದುರ್ಗದ ಬಾವಿಯಲ್ಲಿ ಸಿಕ್ಕ ಪೆನ್ನು

ದೆವ್ವ, ಸತ್ತವರ ದನಿ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ಎದ್ದು ಹೋಗುವವರ ಪೈಕಿ ನಾನು. ಸುಮ್ಮನೆ ಹೋಗುತ್ತಿರಲಿಲ್ಲ, ಹೇಳುವವನಿಗೆ ಎರಡು ಪ್ರಶ್ನೆ ಕೇಳಿ ಅವನ ಬಾಯಿ ಮುಚ್ಚಿಸಿ ಹೋಗುತ್ತಿದ್ದೆ. ನೀನೇ ಕಣ್ಣಾರೆ ನೋಡಿದೆಯಾ ಎಂಬುದು ಮೊದಲನೆಯದು. ಆಗ ನಿನಗೆ ಜ್ವರವಿತ್ತೇ ಎಂಬುದು ಎರಡನೆಯದು. ಈಗ ನಾನು ಹೇಳಹೊರಟಿರುವ ಸಂಗತಿಗೆ ಯಾರಾದರೂ ಅವೇ ಪ್ರಶ್ನೆ ಕೇಳಿದರೆ ನಾನು ಎರಡರಲ್ಲೂ ನಪಾಸು. ಮುಖ್ಯವಾದದ್ದನ್ನು ನಾನು ನೋಡಿಲ್ಲ. ಜ್ವರವಂತೂ ಇತ್ತು.

ಇದನ್ನು ಈ ಹಿಂದೆ ಮೂರು ಸಲ ಬರೆದಿಟ್ಟಿದ್ದೇನೆ. ಮೂರರಲ್ಲೂ ದಿನಗಳು ಹಿಂದುಮುಂದಾಗಿವೆ. ಯಾವುದು ಸರಿ ಎಂದು ಹೇಳುವ ಶಕ್ತಿ ಈಗ ಉಳಿದಿಲ್ಲ. ನೆನಪಿದ್ದಷ್ಟನ್ನು ಹೇಳಿ ಕೈಬಿಡುತ್ತೇನೆ. ಓದುವವರು ತಮಗೆ ತೋರಿದಂತೆ ತಿಳಿದುಕೊಳ್ಳಲಿ.

ನಾನು ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿದೆ. ಆಗಿನ ಪದ್ಧತಿಯಂತೆ ಓದಿದ್ದು ಉರ್ದುವಿನಲ್ಲಿ. ಊಟದ ಖರ್ಚಿಗೆಂದು ಸಂಜೆ ಹೊತ್ತು ಒಂದು ಪೆನ್ನಿನಂಗಡಿಯಲ್ಲಿ ಕೂರುತ್ತಿದ್ದೆ. ಆ ದಿನಗಳಲ್ಲಿ ಪೇಟೆಗೆ ಬರುತ್ತಿದ್ದ ಪೆನ್ನುಗಳಲ್ಲಿ ಎಷ್ಟಕ್ಕೋ ಹೆಸರೇ ಇರುತ್ತಿರಲಿಲ್ಲ. ಯಾರೋ ಮಾಡಿದ ಪೆನ್ನಿನ ಮೇಲೆ ಅಂಗಡಿಯವನು ತನ್ನ ಹೆಸರು ಒತ್ತಿಸುತ್ತಿದ್ದ. ಒತ್ತಿಸುವ ಗೋಜು ಬೇಡವೆನಿಸಿದರೆ ಬಾಯಲ್ಲೇ “ಜರ್ಮನ್ ಮಾಲು” ಎಂದು ಮಾರಿಬಿಡುತ್ತಿದ್ದ. ಆದರೆ ರಿಪೇರಿಗೆ ಬಂದಾಗ ಅದರದೇ ಬಿಡಿಭಾಗ ಹಾಕಬೇಕಲ್ಲ, ಆಗ ನಿಜವಾಗಿ ಮಾಡಿದವರು ಯಾರೆಂದು ತಿಳಿಯಲೇಬೇಕು. ಟೋಪಿ ಎಷ್ಟು ಸುತ್ತಿಗೆ ಬಿಚ್ಚಿಕೊಳ್ಳುತ್ತದೆ, ತಿರುಪಿನ ಗೆರೆಗಳನ್ನು ಯಂತ್ರ ಕೊರೆದದ್ದೋ ಕೈ ಕೊರೆದದ್ದೋ, ನಿಬ್ಬಿನ ಕೆಳಗಿರುವ ನಾಲಗೆಯಲ್ಲಿ ಮಸಿ ಹರಿಯಲು ಎಷ್ಟು ಗೀರು ಹಾಕಿದ್ದಾರೆ, ಇವನ್ನು ನೋಡಿ ಹೇಳುವುದನ್ನು ಅಲ್ಲಿ ಕಲಿತೆ. ಪೆನ್ಸಿಲ್ಲಾದರೆ ಮೊಂಡು ತುಂಡು ಸಾಕಿತ್ತು. ಮರದ ವಾಸನೆ, ಬಣ್ಣದ ಪದರ, ಸೀಸದ ಮೈ ನೋಡಿದರೆ ಎಲ್ಲಿಂದ ಬಂದದ್ದೆಂದು ತಿಳಿಯುತ್ತಿತ್ತು.

ಪೊಲೀಸ್ ಆ್ಯಕ್ಷನ್ ಮುಗಿದು ನಾಲ್ಕೈದು ವರ್ಷ ಕಳೆದಿದ್ದವು. ಕನ್ನಡದ ಸೀಮೆಗಳು ಇನ್ನೂ ಒಂದು ರಾಜ್ಯವಾಗಿರಲಿಲ್ಲ, ಆದರೂ ಶಾಲೆ, ಕಚೇರಿಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಬಂದು ಕೂತಿತ್ತು. ನಾನು ಶಹಾಪುರದ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಅದು ನನ್ನ ಮೂರನೆಯ ಕೆಲಸ. ಒಂದು ಕಡೆ ನಿಲ್ಲುವ ಸ್ವಭಾವ ನನ್ನದಲ್ಲ, ಅಲ್ಲಿಯೂ ಬಂದ ಮೊದಲ ತಿಂಗಳಿಂದಲೇ ಬೇಸರ ಹತ್ತಿತ್ತು. ಊರಿನವರ ಪೆನ್ನು ಬಿಚ್ಚಿ ಕಟ್ಟುತ್ತಾ ಸಂಜೆ ಕಳೆಯುತ್ತಿದ್ದೆ. ಮಸಿಯನ್ನೂ ನಾನೇ ಕಾಸಿಕೊಳ್ಳುತ್ತಿದ್ದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಬೆರೆಸಿ, ಬೂಸ್ಟು ಹಿಡಿಯದಿರಲೆಂದು ಎರಡು ಹನಿ ಲವಂಗದೆಣ್ಣೆ ಹಾಕುತ್ತಿದ್ದೆ. ಊರಲ್ಲಿ ಅಂಥ ಮಸಿ ನನ್ನ ಹತ್ತಿರ ಮಾತ್ರ ಇತ್ತು.

ಒಂದು ಮಧ್ಯಾಹ್ನ ಅಮೀನರು ಮನೆಗೆ ಬಂದರು. ಪೊಲೀಸ್ ಠಾಣೆಯ ಸಾಹೇಬರಿಗೆ ಹೊಸ ಹುದ್ದೆಯ ಹೆಸರು ಬಂದಿದ್ದರೂ ಜನ ಇನ್ನೂ ಅಮೀನಸಾಬ ಎಂದೇ ಕರೆಯುತ್ತಿದ್ದರು. ಕರವಸ್ತ್ರ ಬಿಚ್ಚಿ ಒಂದು ಕರಿ ಪೆನ್ನನ್ನು ಮೇಜಿನ ಮೇಲಿಟ್ಟು, “ಮಾಸ್ತರ್, ಪೇಶಂಟ್ ತಂದೀನಿ. ನಾಡಿ ನೋಡ್ರಿ,” ಎಂದರು.

“ಏನಾಗ್ಯದ?”

“ಏನಾಗ್ಯದ ಅಂದ್ರ, ನಾಕೈದು ವರ್ಷ ಬಾವ್ಯಾಗಿತ್ತು. ಇನ್ನೇನಾಗ್ಬೇಕ್ರಿ?”

ವನದುರ್ಗದ ಕೋಟೆಯ ಹಿಂದೆ ಹಾಳು ಬಿದ್ದಿದ್ದ ಬಾವಿಯ ಹೂಳೆತ್ತುವಾಗ ಮನುಷ್ಯನ ಎಲುಬು ಸಿಕ್ಕಿದ್ದವು. ಬಟ್ಟೆ ಕರಗಿ ಹೋಗಿತ್ತು. ಗುರುತು ಹಿಡಿಯುವಂಥದ್ದು ಈ ಪೆನ್ನು ಮಾತ್ರ. ಪೊಲೀಸ್ ಆ್ಯಕ್ಷನ್ನಿನ ಗದ್ದಲದ ದಿನಗಳಲ್ಲಿ ವನದುರ್ಗದಿಂದ ಕಾಣೆಯಾದವನು ಒಬ್ಬನೇ, ಬೀರಪ್ಪ ಮಾಸ್ತರ. ಕುರಿ ಕಾಯುವ ಮನೆತನದಲ್ಲಿ ಓದಿ ಮಾಸ್ತರನಾದ ಮೊದಲಿಗ. ಯಾದಗಿರಿಗೆ ಹೋಗಿ ಬರುತ್ತೇನೆಂದು ಮನೆಯಿಂದ ಹೊರಟವನು ತಿರುಗಿ ಬಂದಿರಲಿಲ್ಲ. ಅವನು ಜೇಬಿನಲ್ಲಿ ಪೆನ್ನಿಟ್ಟುಕೊಳ್ಳುತ್ತಿದ್ದನೆಂದು ಊರಿಗೆಲ್ಲ ಗೊತ್ತಿತ್ತು. ಇದು ಅವನದೇ ಪೆನ್ನೆಂದರೆ ಆ ಎಲುಬೂ ಅವನವೇ. ಅಲ್ಲವೆಂದರೆ ಅಲ್ಲ. ಅಮೀನರಿಗೆ ಬೇಕಾದದ್ದು ಅಷ್ಟು.

ಎರಡು ದಿನದ ಮೇಲೆ ಬೀರಪ್ಪನ ಹೆಂಡತಿ ಮಾಳಮ್ಮ ತನ್ನ ಮಾವ ಸಿದ್ದಪ್ಪನ ಜತೆ ಬಂದಳು. ಇಪ್ಪತ್ತೈದು ದಾಟಿರದ ಹೆಂಗಸು. ಕೈತುಂಬ ಹಸಿರು ಬಳೆ ಇದ್ದವು, ಮುಖದಲ್ಲಿ ಮಾತ್ರ ಮೂರು ದಿನದಿಂದ ನಿದ್ದೆ ಇಲ್ಲದವರ ಕಳೆ. ಗಂಡನದೆಂದು ಒಂದು ನೋಟ್‌ಬುಕ್ ತಂದಿದ್ದಳು. ಕುರಿಗಳಿಗೆ ಬರುವ ರೋಗ, ಅದಕ್ಕೆ ಹಳ್ಳಿಯ ಮದ್ದು, ಎಲ್ಲ ನೀಟಾಗಿ ಕನ್ನಡದಲ್ಲಿ. ಆದರೆ ಬರೆದದ್ದು ನೇರಳೆ ಬಣ್ಣದ ಕಾಪಿ ಪೆನ್ಸಿಲ್ಲಿನಲ್ಲಿ.

“ಪೆನ್ನಲೆ ಬರ್ದದ್ದು ಏನರ ಅದ ಏನು?” ಎಂದು ಕೇಳಿದೆ.

“ಇಲ್ರಿ. ಪೆನ್ನು ಸಾಲಿಗಿ, ಪೆನ್ಸಿಲ್ ಮನಿಗಿ. ಮನ್ಯಾಗ ಪೆನ್ನು ಮುಟ್ಟಿಸಿಕೊಡ್ತಿದ್ದಿಲ್ರಿ,” ಎಂದಳು ಮಾಳಮ್ಮ.

ಈ ಮಾತನ್ನು ನಾನು ಆಗಲೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಪೆನ್ನು ಎಬೊನೈಟ್ ಎಂಬ ಗಟ್ಟಿ ರಬ್ಬರಿನದು, ಮೇಲಿನಿಂದ ಹನಿಹನಿಯಾಗಿ ಮಸಿ ತುಂಬುವಂಥದ್ದು. ನಿಬ್ಬು ಚಿನ್ನದ್ದಾದ್ದರಿಂದ ತುಕ್ಕು ಹಿಡಿದಿರಲಿಲ್ಲ. ಎಲ್ಲೂ ಹೆಸರಿರಲಿಲ್ಲ. ಟೋಪಿ ಒಂದೂಕಾಲು ಸುತ್ತಿಗೆ ಬಿಚ್ಚಿತು, ತಿರುಪಿನ ಗೆರೆ ಕೈಯಲ್ಲಿ ಕೊರೆದದ್ದು, ನಾಲಗೆಯಲ್ಲಿ ಚಾಕುವಿನಿಂದ ಕೊಯ್ದ ಮೂರು ಗೀರು. ತೆಲುಗು ಸೀಮೆಯ ಯಾವುದೋ ಸಣ್ಣ ಪಟ್ಟಣದಲ್ಲಿ ಒಬ್ಬನೇ ಕೂತು ಚರಕಿ ಯಂತ್ರದ ಮೇಲೆ ಕಡೆದ ಕೆಲಸ ಅದು. ಶನಿವಾರ ಯಾದಗಿರಿಗೆ ಹೋಗಿ ಬೀರಪ್ಪ ಪೆನ್ನು ಕೊಂಡನೆಂದು ಸಿದ್ದಪ್ಪ ಹೇಳಿದ್ದ ಸ್ಟೇಷನ್ ಬಳಿಯ ಅಂಗಡಿಯನ್ನು ಹುಡುಕಿದೆ. ಅಂಗಡಿಯವನು “ಅದು ಜರ್ಮನ್ ಮಾಲು ರಿ” ಎಂದು ವಾದಕ್ಕೆ ನಿಂತ. ಅದೇ ಕಂತಿನಲ್ಲಿ ಬಂದು ಮಾರಾಟವಾಗದೆ ಉಳಿದ ಎರಡು ಪೆನ್ನು ತೋರಿಸಿದ. ಅದೇ ಒಂದೂಕಾಲು ಸುತ್ತು, ಅದೇ ಮೂರು ಗೀರು, ಅದೇ ಕೈ. ತಯಾರಕ ಒಬ್ಬನೇ ಎಂಬುದು ಖಾತ್ರಿಯಾಯಿತು. ಆದರೆ ಅಂಥ ಪೆನ್ನನ್ನು ಆ ಅಂಗಡಿಯವನು ಹತ್ತಾರು ಜನಕ್ಕೆ ಮಾರಿದ್ದ.

ಆದ್ದರಿಂದ ತೀರ್ಪು ನಿಬ್ಬಿನ ಮೇಲೆ ನಿಂತಿತು. ಭೂತಗನ್ನಡಿಯಲ್ಲಿ ನೋಡಿದರೆ ಅದರ ತುದಿ ನೇರವಾಗಿರಲಿಲ್ಲ, ಓರೆಯಾಗಿ ಸವೆದಿತ್ತು. ಸಾಮಾನ್ಯವಾಗಿ ಬಲಗೈಯವರ ನಿಬ್ಬು ಸವೆಯುವ ಕಡೆಗಲ್ಲ, ಅದಕ್ಕೆ ವಿರುದ್ಧ. ಒಂದು ಕಡೆಯ ತುದಿ ಸ್ವಲ್ಪ ಮುಕ್ಕಾಗಿತ್ತು. ಮಸಿ ಹಾಕಿ ಗೆರೆ ಎಳೆದರೆ ಆ ಮುಕ್ಕಿನಿಂದಾಗಿ ದಪ್ಪ ಗೆರೆಯ ಪಕ್ಕದಲ್ಲಿ ಕೂದಲೆಳೆಯಂಥ ಇನ್ನೊಂದು ಗೆರೆ ಮೂಡುತ್ತಿತ್ತು.

ತೀರ್ಪು ಕೇಳಲು ಮಾಳಮ್ಮ, ಸಿದ್ದಪ್ಪ, ಅಮೀನರು ಮೂವರೂ ಮತ್ತೆ ಬಂದರು. “ನಿಮ್ಮ ಮಗ ಎಡಗೈಲೆ ಬರೀತಿದ್ನೇನು?” ಎಂದು ಸಿದ್ದಪ್ಪನನ್ನು ಕೇಳಿದೆ.

“ನಮ್ಮ ವಂಶದಾಗ ಎಡಚರು ಯಾರೂ ಹುಟ್ಟಿಲ್ರಿ,” ಎಂದ ಆತ, ಅದೇನೋ ನಾನು ಬೈದೆ ಎಂಬಂತೆ.

“ಹಂಗಾದ್ರ ಈ ಪೆನ್ನು ಅವನದಲ್ಲ.”

ಅಮೀನರಿಗೂ ಹಾಗೆಯೇ ಬರೆದುಕೊಟ್ಟೆ: ತಯಾರಕ ಅದೇ, ಬರೆದ ಕೈ ಬೇರೆ. ಮಾಳಮ್ಮ ಅತ್ತು ಕೈಮುಗಿದಾಳೆಂದು ನಾನು ಕಾದಿದ್ದೆ. ಅವಳು ಪೆನ್ನನ್ನೊಮ್ಮೆ ಮುಟ್ಟಿ ನೋಡಿದಳು. ಆಮೇಲೆ, “ಹೌದಾ,” ಎಂದು ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು. ದೂರದಿಂದ ಹೊರೆ ಹೊತ್ತು ಬಂದವಳಿಗೆ ಇನ್ನೂ ನಾಲ್ಕು ಹರದಾರಿ ನಡೆಯಬೇಕೆಂದು ಹೇಳಿದಂತಿತ್ತು ಆ ನಡಿಗೆ.

ಅವರು ಹೋದ ಮೇಲೆ ಅಮೀನರು, “ಮಾಸ್ತರ್, ಒಳ್ಳೇದು ಮಾಡಿದೆ ಅನ್ಕೊಂಡೀರೇನು?” ಎಂದು ಕೇಳಿ ವಿಷಯ ಹೇಳಿದರು. ಅವರ ಜನದಲ್ಲಿ ಗಂಡ ಸತ್ತವಳಿಗೆ ಎರಡನೆಯ ಮದುವೆ ಮಾಡುತ್ತಾರೆ, ಅದಕ್ಕೆ ಉಡಿಕಿ ಎನ್ನುತ್ತಾರೆ. ಮುದನಾಳದ ಒಬ್ಬನ ಜತೆ ಮಾಳಮ್ಮನಿಗೆ ಉಡಿಕಿಯ ಮಾತಾಗಿತ್ತು. ಹೆಂಡತಿ ತೀರಿಕೊಂಡವನು, ಒಳ್ಳೆಯವನು, ಮಾಳಮ್ಮನಿಗೂ ಮನಸ್ಸಿತ್ತು. ಆದರೆ ಗಂಡ ಸತ್ತದ್ದು ಖಾತ್ರಿಯಾಗದೆ ಉಡಿಕಿ ಮಾಡಲು ಹಿರಿಯರು ಒಪ್ಪುತ್ತಿರಲಿಲ್ಲ. ಬಾವಿಯಲ್ಲಿ ಎಲುಬು ಸಿಕ್ಕಾಗ ಎಲ್ಲರೂ ಇನ್ನು ತೀರಿತೆಂದುಕೊಂಡಿದ್ದರು. ಈಗ ನಾನು ಅವಳ ಗಂಡನನ್ನು ಮತ್ತೆ ಬದುಕಿಸಿ ದಾರಿಗೆ ಅಡ್ಡ ನಿಲ್ಲಿಸಿದ್ದೆ.

“ಇದ್ದದ್ದು ಹೇಳೀನಿ,” ಎಂದೆ.

“ಹೇಳ್ರಿ ಹೇಳ್ರಿ. ನೀವು ಹೇಳಿ ಉಂಡು ಮಲಗ್ತೀರಿ. ಆಕಿ ಹಾದಿ ನೋಡ್ಕೋತ ಕೂಡ್ತಾಳ.” ಅಮೀನರು ಪೆನ್ನನ್ನು ಇನ್ನಷ್ಟು ದಿನ ನನ್ನಲ್ಲೇ ಇಟ್ಟುಕೊಳ್ಳಲು ಹೇಳಿ ಹೋದರು. ನೋಟ್‌ಬುಕ್ಕೂ ನನ್ನಲ್ಲೇ ಉಳಿದಿತ್ತು. ಪೆನ್ನಿನ ಮಸಿ ಚೆಲ್ಲಿ, ಮೂರು ನೀರಲ್ಲಿ ತೊಳೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಇದು ನನಗೆ ಚೆನ್ನಾಗಿ ನೆನಪಿದೆ. ಅಥವಾ ಪ್ರತಿ ಪೆನ್ನಿಗೂ ಹಾಗೆ ಮಾಡುತ್ತಿದ್ದೆನಾದ್ದರಿಂದ ನೆನಪಿದೆ ಎಂದುಕೊಂಡಿದ್ದೇನೆ.

ಇಲ್ಲಿಂದ ಮುಂದೆ ನನ್ನ ಲೆಕ್ಕ ತಪ್ಪುತ್ತದೆ. ಆ ವಾರದಲ್ಲಿ ಎರಡು ಸಂಗತಿ ನಡೆದವು. ಒಂದು, ಚಳಿಜ್ವರ ಬಂದು ಮೂರು ದಿನ ಹಾಸಿಗೆ ಹಿಡಿದೆ. ಇನ್ನೊಂದು, ಶಾಲೆಯ ಕೆಲಸಕ್ಕೆ ಸುರಪುರಕ್ಕೆ ಹೋಗಿ ಬಂದೆ. ಯಾವುದು ಮೊದಲು ಎಂಬುದರ ಮೇಲೆ ಎಲ್ಲವೂ ನಿಂತಿದೆ, ನನಗೆ ಗೊತ್ತಿಲ್ಲದಿರುವುದು ಅದೇ.

ಸುರಪುರದ ಹಳೆಯ ಕಚೇರಿಯಲ್ಲಿ ಹುಸೇನಸಾಬ ಎಂಬ ಮುನ್ಶಿ ಇದ್ದರು. ಜೀವಮಾನವಿಡೀ ಉರ್ದುವಿನಲ್ಲಿ ಬರೆದವರು, ಈಗ ಐವತ್ತೈದರ ವಯಸ್ಸಿನಲ್ಲಿ ಕನ್ನಡದ ಕಾಗುಣಿತ ತಿದ್ದುತ್ತಿದ್ದರು. ನಾನು ಹೋದಾಗ ಹೊಸ ಪೆನ್ನಿನ ನಿಬ್ಬನ್ನು ಒಡೆದ ಪಾಟಿಯ ಚೂರಿನ ಮೇಲೆ ಓರೆಯಾಗಿ ಉಜ್ಜುತ್ತಾ ಕೂತಿದ್ದರು.

“ಏನು ಮಾಡಾಕತ್ತೀರಿ ಮುನ್ಶಿಸಾಬ?”

“ಕತ್ನಾ ಮಾಡಾಕತ್ತೀನಿ, ನಿಬ್ಬಿಗಿ ಸುನ್ನತಿ,” ಎಂದು ನಕ್ಕರು. “ಹೊಸಾ ನಿಬ್ಬು ಉರ್ದುಗ ಒಗ್ಗಲ್ರೀ ಜನಾಬ. ನಮ್ಮದು ಬಲಕ್ಕಿಂದ ಎಡಕ್ಕ ಹೋಗೋ ಗಾಡಿ. ಓರೆ ಉಜ್ಜಿದ್ರ ಅಕ್ಷರಕ್ಕ ದೌಲತ್ತು ಬರ್ತದ. ಈಗ ಕನ್ನಡಕ್ಕಂತ ಬ್ಯಾರೆ ಪೆನ್ನು ಇಟ್ಟೀನಿ. ಇದು ನನ್ನ ಸ್ವಂತ ಖುಷಿಗಿ.”

ಪೆನ್ನನ್ನು ಅವರ ಕೈಯಿಂದ ತೆಗೆದುಕೊಂಡು ಆ ನಿಬ್ಬಿನ ತುದಿಯನ್ನು ನೋಡಿದೆ. ಬಾವಿಯ ಪೆನ್ನಿನ ತುದಿ ಹೀಗೇ ಇತ್ತು. ಅದು ಎಡಗೈ ಸವೆಸಿದ್ದಲ್ಲ, ಬಲಗೈಯವನೊಬ್ಬ ಉರ್ದು ಬರೆಯಲೆಂದು ಉಜ್ಜಿಕೊಂಡದ್ದು. ಬೀರಪ್ಪ ಕಲಿಸುತ್ತಿದ್ದದ್ದು ಉರ್ದು ಶಾಲೆಯಲ್ಲಿ. ಪೆನ್ನು ಸಾಲಿಗಿ, ಪೆನ್ಸಿಲ್ ಮನಿಗಿ ಎಂದು ಅವಳು ನನಗೆ ಹೇಳಿದ್ದಳು.

ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಕ್ಷಮೆ ಇತ್ತು. ನಾನು ಆ ಭಾಷೆಯಲ್ಲೇ ಪರೀಕ್ಷೆ ಬರೆದವನು, ಪೆನ್ನಿನಂಗಡಿಯಲ್ಲಿ ಗಿರಾಕಿಗಳಿಗೆ ನನ್ನ ಕೈಯಾರೆ ನಿಬ್ಬು ಹಾಗೆ ಉಜ್ಜಿಕೊಟ್ಟವನು. ಆದರೆ ಆ ನಾಲ್ಕೈದು ವರ್ಷ ನಾವೆಲ್ಲ ಉರ್ದುವನ್ನು ಮರೆಯುವ ಅವಸರದಲ್ಲಿದ್ದೆವು. ಬೇಗ ಮರೆತವನಿಗೆ ಬೇಗ ಬಡ್ತಿ. ಅಕ್ಷರದ ಜತೆ ಕೈಯೊಳಗಿನ ತಿಳಿವಳಿಕೆಯೂ ಹೋಗುತ್ತದೆಂದು ನನಗೆ ಹೊಳೆದಿರಲಿಲ್ಲ. ಹೆಸರಿಲ್ಲದ ಪೆನ್ನಿಗೆ ಹೆಸರು ಹೇಳುತ್ತೇನೆಂಬ ನನ್ನ ಜಂಬ ಅಲ್ಲಿಯೇ ಇಳಿಯಿತು.

ವನದುರ್ಗಕ್ಕೆ ಹೋಗಿ ಇದ್ದದ್ದನ್ನು ಹೇಳಿಬಿಡಬೇಕೆಂದು ಒಂದು ಮುಂಜಾನೆ ಹೊರಟೆ. ಮೈಯಲ್ಲಿ ಇನ್ನೂ ಜ್ವರದ ನಿತ್ರಾಣವಿತ್ತು. ಬಾಯೆಲ್ಲ ಕಹಿ. ಬಿಸಿಲೇರುವ ಹೊತ್ತಿಗೆ ಊರು ಮುಟ್ಟಿದೆ. ಸಿದ್ದಪ್ಪನ ಮನೆಯ ಮುಂದೆ ಬೇವಿನ ಮರದ ಕಟ್ಟೆಯ ಮೇಲೆ ಐದಾರು ಹಿರಿಯರು ಕೂತಿದ್ದರು. ನನ್ನನ್ನು ಕಂಡವನೇ ಸಿದ್ದಪ್ಪ, “ಬರ್ರಿ ಬರ್ರಿ, ನಿಮಗ ಮಂದಿ ಕಳಸ್ತಿದ್ದೆ. ನೀವ ಬಂದ್ರಿ,” ಎಂದು ಕೈಯಲ್ಲಿ ಒಂದು ಕಾಗದವಿಟ್ಟ. ಹಿಂದಿನ ದಿನ ಟಪಾಲಿನಲ್ಲಿ ಬಂದದ್ದು. ಮಾಳಮ್ಮನ ಹೆಸರಿಗೆ. ಲಕೋಟೆಯ ಮೇಲೆ ಶಹಾಪುರದ ಮುದ್ರೆ.

ಮಡಿಕೆ ಬಿಚ್ಚಿದಾಗ ಮೊದಲು ಬಂದದ್ದು ಲವಂಗದ ವಾಸನೆ.

ಬರೆದದ್ದು ಇಷ್ಟೇ. “ಸಾಹೇಬರಿಗೆ ಶರಣು. ನನ್ನ ಹಾದಿ ನೋಡಬ್ಯಾಡ. ನಾ ತಿರುಗಿ ಬರಾಂವ ಅಲ್ಲ. ಮುದನಾಳದ ಮಾತು ಬಂದದಂತ, ಛಲೋ ಆತು. ಹೋಗು. ಉಡಿಕಿಗಿ ಅಡ್ಡ ಬರಬ್ಯಾಡ ಅಂತ ಅಪ್ಪಗ ಹೇಳು. ಬೀರಪ್ಪ.”

ಅಕ್ಷರಗಳನ್ನು ನೋಡಿದೆ. ಕನ್ನಡದ ಅಕ್ಷರ, ಆದರೆ ದಪ್ಪ ಇರಬೇಕಾದಲ್ಲಿ ಸಣ್ಣ, ಸಣ್ಣ ಇರಬೇಕಾದಲ್ಲಿ ದಪ್ಪ. ಉರ್ದುವಿಗೆಂದು ಉಜ್ಜಿದ ನಿಬ್ಬಿನಿಂದ ಕನ್ನಡ ಬರೆದರೆ ಹಾಗಾಗುತ್ತದೆ. ಪ್ರತಿ ದಪ್ಪ ಗೆರೆಯ ಪಕ್ಕದಲ್ಲೂ ಕೂದಲೆಳೆಯ ಗೆರೆ. ನನ್ನ ಮಸಿ. ನನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಪೆನ್ನು. ಮುದ್ರೆಯ ಮೇಲಿನ ದಿನ ನಾನು ಹಾಸಿಗೆ ಹಿಡಿದಿದ್ದ ದಿನ.

“ಸಾಹೇಬ್ರು ಅಂದ್ರ ಯಾರು?” ಎಂದೆ. ಕಟ್ಟೆಯ ಮೇಲಿದ್ದವರಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಳಮ್ಮ ತಲೆ ತಗ್ಗಿಸಿದಳು.

“ನಾನೇ ರಿ. ಸಾಲಿಂದ ಬಂದ ಕೂಡ್ಲೆ ಅವರ ಚೀಲ ತಪಾಸ ಮಾಡ್ತಿದ್ದೆ, ಶೇಂಗಾ ತಂದಾರೇನಂತ. ಅದಕ ಇನ್‌ಸ್ಪೆಕ್ಟರ್ ಸಾಹೇಬ್ರು ಬಂದ್ರು ಅಂತಿದ್ರು.”

ಒಬ್ಬ ಮುದುಕ ನಕ್ಕ. ಸಿದ್ದಪ್ಪ ನಗಲಿಲ್ಲ. “ನನಗ ಇವತ್ತೇ ಗೊತ್ತಾತಿದು,” ಎಂದ.

“ನಿಮ್ಮ ಮುಂದ ಹೆಂಗ ಹೇಳ್ಲಿ ಮಾವ? ಯಾರ ಮುಂದೂ ಹೇಳಿದ್ದಿಲ್ಲ.”

ಆ ಹೆಸರನ್ನು ಅವಳು ನನಗೆ ಹೇಳಿದ್ದಳೇ? ಆ ದಿನ ನನ್ನ ಮನೆಯಲ್ಲಿ ನೋಟ್‌ಬುಕ್ ಕೊಡುವಾಗ? ಆಗ ಅವಳು ಇನ್ನೂ ಏನೇನೋ ಹೇಳಿದ್ದುಂಟು, ನಾನು ನಿಬ್ಬು ನೋಡುತ್ತಾ ಹೂಂಗುಟ್ಟಿದ್ದುಂಟು. ಇಲ್ಲವೆಂದು ನನಗೆ ಬಲವಾಗಿ ಅನಿಸುತ್ತದೆ. ಆಣೆ ಮಾಡಲಾರೆ.

ಸಿದ್ದಪ್ಪ ಕಾಗದದತ್ತ ಬೆರಳು ಮಾಡಿದ. “ಮಾಸ್ತರ್ರ, ನೀವು ಓದಿದೋರು. ನೋಟ್‌ಬುಕ್ಕು ನಿಮ್ಮ ಕಡೀನೇ ಅದ. ಇದು ನನ್ನ ಮಗನ ಅಕ್ಷರ ಹೌದೋ ಅಲ್ಲೋ, ಅಷ್ಟ ಹೇಳ್ರಿ. ಬಾಕಿ ಪುರಾಣ ಬ್ಯಾಡ.”

ಅಕ್ಷರ ಅವನದೇ. ನೋಟ್‌ಬುಕ್ಕನ್ನು ವಾರವಿಡೀ ನೋಡಿದ್ದೆ. ರ ಅಕ್ಷರದ ಹೊಟ್ಟೆ, ಸಾಲು ಮುಗಿಯುವಲ್ಲಿ ಮೇಲಕ್ಕೆ ಏರುವ ಚಾಳಿ, ಎಲ್ಲ ಅವನವೇ. ಆದರೆ ನಾನು ಅಲ್ಲಿಗೆ ಹೋದದ್ದು ಬಾವಿಯ ಪೆನ್ನು ಅವನದು, ಅವನು ಸತ್ತಿದ್ದಾನೆ ಎಂದು ಹೇಳಲು. ಹಾಗೆ ಹೇಳಿದರೂ ಅವಳಿಗೆ ಬಿಡುಗಡೆಯೇ. ಆದರೆ ಮರುಗಳಿಗೆಯೇ ಮುಂದಿನ ಪ್ರಶ್ನೆ ಬರುತ್ತಿತ್ತು: ಸತ್ತವನು ಬರೆಯುವುದಿಲ್ಲ, ಹಾಗಾದರೆ ಈ ಕಾಗದ ಬರೆಸಿದವರು ಯಾರು? ಯಾರಿಗೆ ಇದರಿಂದ ಲಾಭ? ಬಾಗಿಲಲ್ಲಿ ನಿಂತಿದ್ದವಳ ಕಡೆಗೆ ಆರು ಮುಖ ತಿರುಗುತ್ತಿದ್ದವು. ಮುದನಾಳಕ್ಕೆ ಹೋಗುವ ಆಸೆಗೆ ಕಳ್ಳ ಕಾಗದ ಬರೆಸಿದಳೆಂಬ ಹೆಸರು ಹೊತ್ತು ಅವಳು ಎಲ್ಲಿಗೂ ಹೋಗುವಂತಿರಲಿಲ್ಲ.

“ಅಕ್ಷರ ಅವನದೇ,” ಎಂದೆ. ಕೇಳಿದ್ದಷ್ಟಕ್ಕೇ ಉತ್ತರ ಕೊಟ್ಟೆ. ನನ್ನ ತಪ್ಪನ್ನು ಹೇಳಲು ಹೋದವನು ಅದನ್ನು ಹಾಗೇ ಬಾಯಲ್ಲಿಟ್ಟುಕೊಂಡು ತಿರುಗಿ ಬಂದೆ. ಆ ತಿಂಗಳೇ ಉಡಿಕಿ ಆಯಿತೆಂದು ಆಮೇಲೆ ತಿಳಿಯಿತು. ಅಮೀನರು ಎಲುಬಿನ ಫೈಲಿನ ಮೇಲೆ ಗುರುತು ಸಿಕ್ಕಿಲ್ಲವೆಂದು ಬರೆದು ಮುಚ್ಚಿದರು.

ಮನೆಗೆ ಬಂದು ಪೆಟ್ಟಿಗೆಯ ಬೀಗ ತೆಗೆದೆ. ಬೀಗದ ಕೈ ನನ್ನ ಉಡಿದಾರದಲ್ಲೇ ಇತ್ತು. ಪೆನ್ನು ಇಟ್ಟಲ್ಲೇ ಇತ್ತು. ಬಿಚ್ಚಿದೆ. ಒಳಗೆ ಅರ್ಧದಷ್ಟು ಮಸಿ ಇತ್ತು.

ಪಕ್ಕದ ಮನೆಯ ಗುರಮ್ಮ ಜ್ವರದ ದಿನಗಳಲ್ಲಿ ನನಗೆ ಗಂಜಿ ತಂದಿಡುತ್ತಿದ್ದ ವಯಸ್ಸಾದ ಹೆಂಗಸು. ಆಗ ನಾನು ಹೊರಗೆ ಹೋಗಿದ್ದೆನೇ, ಯಾರಾದರೂ ಬಂದಿದ್ದರೇ ಎಂದು ಆಕೆಯನ್ನು ಕೇಳಿದೆ.

“ಬಂದದ್ದು ನಾ ನೋಡಿಲ್ಲಪ. ಒಂದಿನ ಮಧ್ಯಾಹ್ನ ಗಂಜಿ ತಂದಾಗ ಒಳಗ ಮಾತು ನಡದಿತ್ತು. ಯಾರೋ ಹೇಳೂದು, ನೀ ‘ಹೂಂ, ಮುಂದ’ ಅನ್ನೂದು. ಪಾಠ ನಡದದ ಅಂತ ಬಾಗಲ್ದಾಗ ಇಟ್ಟು ಹೋದೆ.”

“ಎರಡು ದನಿ ಇದ್ದವೇನು?”

“ಎಣಿಸ್ಕೋತ ನಿಂದ್ರಾಕ ನಂಗ ಬ್ಯಾರೆ ಕೆಲಸಿಲ್ಲೇನು? ಜ್ವರದಾಗ ಬಡಬಡಿಸಾಕತ್ತಿರ್ಬೇಕು ನೀನ.”

ಅದೇ ಸರಿ ಇರಬೇಕೆಂದು ಬಹಳ ದಿನ ಒಪ್ಪಿಕೊಂಡಿದ್ದೆ. ತಪ್ಪು ಗೊತ್ತಾಯಿತು, ಮನಸ್ಸಿಗೆ ಹತ್ತಿತು, ಜ್ವರದಲ್ಲಿ ಎದ್ದು ಪೆನ್ನಿಗೆ ಮಸಿ ತುಂಬಿ, ನೋಟ್‌ಬುಕ್ಕಿನ ಅಕ್ಷರದಂತೆಯೇ ಬರೆದು, ಟಪಾಲು ಪೆಟ್ಟಿಗೆಗೆ ಹಾಕಿ ಬಂದೆ. ಓದಿದವನಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಡ. ಆದರೆ ಸುರಪುರಕ್ಕೆ ಹೋದದ್ದು ಜ್ವರಕ್ಕೆ ಮೊದಲಾಗಿದ್ದರೆ ಮಾತ್ರ ಇದು ನಿಲ್ಲುತ್ತದೆ. ಜ್ವರ ಮೊದಲಾಗಿದ್ದರೆ ನನಗಾಗ ತಪ್ಪೇ ಗೊತ್ತಿರಲಿಲ್ಲ. ಅವಳ ದಾರಿಗೆ ಅಡ್ಡ ನಿಂತೆನೆಂಬ ಅಮೀನರ ಮಾತೊಂದೇ ಕಾಗದ ಬರೆಸಲು ಸಾಕಾಗಿತ್ತೇ? ಶಾಲೆಯ ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಆ ವಾರವಿಡೀ ನನ್ನ ಹೆಸರಿನ ಮುಂದೆ ಜ್ವರಕ್ಕೂ ಸುರಪುರದ ಕೆಲಸಕ್ಕೂ ಸೇರಿಸಿ ರಜೆ ಎಂದು ಒಂದೇ ಗೆರೆ ಎಳೆದಿತ್ತು. ಹುಸೇನಸಾಬರನ್ನು ಕೇಳೋಣವೆಂದರೆ ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಹೈದರಾಬಾದಿನ ಮಗಳ ಮನೆ ಸೇರಿದ್ದರು. ಪೆನ್ನನ್ನು ಅಮೀನರಿಗೆ ಮರಳಿಸುವ ಮೊದಲು ಅದರಿಂದ ಅದೇ ಸಾಲುಗಳನ್ನು ಬರೆಯಲು ಒಂದು ಮಧ್ಯಾಹ್ನ ಪೂರ್ತಿ ಯತ್ನಿಸಿದೆ. ನಿಬ್ಬು ಕಾಗದವನ್ನು ಕೆರೆಯಿತು, ಅಕ್ಷರ ಅತ್ತಿತ್ತ ವಾಲಿದವು. ಇಪ್ಪತ್ತು ಹಾಳೆ ಹಾಳು ಮಾಡಿ ಸಾಕೆಂದು ಎದ್ದೆ. ಆ ವರ್ಷದ ಕೊನೆಗೆ ಶಹಾಪುರವನ್ನೂ ಬಿಟ್ಟೆ.

ಆರೇಳು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಯಾದಗಿರಿಗೆ ಹೋದಾಗ ಬಸ್ಸಿಗೆ ಕಾಯುತ್ತಿದ್ದ ಜನರ ನಡುವಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಮೈ ತುಂಬಿಕೊಂಡಿದ್ದರಿಂದ ತಕ್ಷಣ ಗುರುತು ಹತ್ತಲಿಲ್ಲ. ಮಾಳಮ್ಮ. ಮುದನಾಳದಿಂದ ಸಂತೆಗೆ ಬಂದಿದ್ದಳು. ಮಳೆ, ಜೋಳ, ಕುರಿ ಎಂದು ನಾಲ್ಕು ಮಾತಾಡಿ, ಸುತ್ತ ನೋಡಿ ದನಿ ತಗ್ಗಿಸಿದಳು.

“ಮಾಸ್ತರ್ರ, ಒಂದು ಕೇಳ್ತೀನಿ, ಖರೇ ಹೇಳ್ರಿ. ಆ ಕಾಗದ ನೀವು ಬರ್ದದ್ದೇನ್ರಿ?”

“ನನಗ ಗೊತ್ತಿಲ್ಲ ತಂಗಿ.”

ಅವಳು ನಕ್ಕೇಬಿಟ್ಟಳು. “ಗೊತ್ತಿಲ್ಲಂದ್ರ? ಹೌದಂದ್ರೇನು, ಅಲ್ಲಂದ್ರೇನು ಅಂತ ಎರಡಕ್ಕೂ ತಯಾರಿದ್ದೆ. ಇದೊಂದು ನನಗ ಹೊಳದಿದ್ದಿಲ್ಲ ನೋಡ್ರಿ.”

ಆಮೇಲೆ ಯಾಕೆ ಕೇಳಿದಳೆಂದು ಹೇಳಿದಳು. “ಮಾನಮಿ ಅಮಾಸಿಗಿ ಸತ್ತವರಿಗೆಲ್ಲ ಎಡಿ ಹಿಡೀತೀವಲ್ರಿ. ಅತ್ತಿಗಿ ಹಿಡೀತೀನಿ, ನಮ್ಮವ್ವಗ ಹಿಡೀತೀನಿ. ನಮ್ಮ ಮನಿಯವರ ಮೊದಲಿನ ಹೆಂಡ್ತಿಗೂ ಹಿಡೀತೀನಿ. ವನದುರ್ಗದ ಮಾಸ್ತರ್ರ ಹೆಸರಿಗಿ ಬಂದು ಕೈ ನಿಲ್ತದ. ಜೀವಂತ ಇದ್ದವರಿಗಿ ಎಡಿ ಹಿಡೀಬಾರ್ದು. ಸತ್ತವರಿಗಿ ಹಿಡೀದಿದ್ರ ಉಪಾಸ ಇರ್ತಾರ. ಆರು ವರ್ಷಾತು, ವರ್ಷಾ ಅಮಾಸಿಗಿ ಇದ ಕತಿ.”

ಆಗ ಅವಳಿಗೆ ನಿಬ್ಬಿನ ಸಂಗತಿ ಹೇಳಿದೆ. ಎಡಗೈ ಎಂದದ್ದು ನನ್ನ ತಪ್ಪೆಂದೂ, ಬಾವಿಯ ಪೆನ್ನು ಅವಳ ಗಂಡನದೇ ಇರಬೇಕೆಂದೂ ಹೇಳಿದೆ. ಎಲ್ಲ ಕೇಳಿಕೊಂಡಳು. ಕಣ್ಣಲ್ಲಿ ನೀರು ಬರಲಿಲ್ಲ. ಬೆರಳಿನಿಂದ ಬುಟ್ಟಿಯ ಅಂಚನ್ನು ಸವರುತ್ತಾ ನಿಂತಳು.

“ಅವತ್ತ ಕಟ್ಟಿ ಮ್ಯಾಲ ಯಾಕ ಹೇಳ್ಲಿಲ್ರಿ?”

“ಹೇಳಿದ್ರ, ಕಾಗದ ಬರ್ದಾವ್ರು ಯಾರು ಅಂತ ಕೇಳ್ತಿದ್ರು.”

“ಹೌದು. ನನ್ನ ಹೆಸರ ಬರ್ತಿತ್ತು,” ಎಂದು ತಲೆಯಾಡಿಸಿದಳು. “ನಾ ಬರಸಿಲ್ರಿ. ನೀವರ ಇದು ನಂಬ್ರಿ.”

“ನಂಬೀನಿ.”

ಬಸ್ಸು ಬಂತು. ಜನ ನುಗ್ಗಿದರು. ಅವಳು ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, “ಈ ಸಲ ಹಿಡೀತೀನಿ ಬಿಡ್ರಿ. ಸತ್ತಿದ್ರ ಮುಟ್ತದ. ಬದುಕಿದ್ರ, ಎಲ್ಲರೆ ಇರ್ಲಿ, ಆವತ್ತು ಒಂದು ತುತ್ತು ಹೆಚ್ಚಿಗಿ ಉಣ್ಣಲಿ. ಅದ್ರಾಗೇನು ಕೆಟ್ಟದ್ರಿ?” ಎಂದಳು.

ಉತ್ತರಕ್ಕೆ ಕಾಯದೆ ಒಳಗೆ ಹೋದಳು. ನಾನು ಇಷ್ಟು ವರ್ಷ ಹಾಜರಿ ಪುಸ್ತಕ, ಅಂಚೆಯ ಮುದ್ರೆ, ಜ್ವರದ ದಿನ ಎಂದು ಹುಡುಕಿ ದಣಿದದ್ದನ್ನು ಅವಳು ಬಸ್ಸು ಹತ್ತುವಷ್ಟರಲ್ಲಿ ತೀರಿಸಿಕೊಂಡಿದ್ದಳು. ನನ್ನದು ತೀರಲಿಲ್ಲ. ಆ ಮಧ್ಯಾಹ್ನ ನನ್ನ ಕೋಣೆಯಲ್ಲಿ “ಹೂಂ, ಮುಂದ” ಎಂದವನು ನಾನೇ ಎಂದಿಟ್ಟುಕೊಂಡರೂ, ಹಾಗೆ ಯಾರಿಗೆ ಹೇಳುತ್ತಿದ್ದೆನೆಂದು ನನಗೆ ಇಂದಿಗೂ ತಿಳಿಯದು.